ಒಬ್ಬೊಬ್ಬರದು ಗೊತ್ತು, ಒಟ್ಟು ಗೊತ್ತಿಲ್ಲ

ನಾಸಿಕ ಎಂದರೆ ನಮಗೆ ಕುಂಭಮೇಳ, ದ್ರಾಕ್ಷಿ, ಈರುಳ್ಳಿ. ಕಾರ್ನೆಲಿಯಾ ಸೊರಾಬ್ಜಿ ಹುಟ್ಟಿದ್ದೂ ಅಲ್ಲೇ, 1866ರಲ್ಲಿ. ಆಕ್ಸ್‌ಫರ್ಡಿನಲ್ಲಿ ಆಕೆ ಕಾನೂನು ಪರೀಕ್ಷೆ ಬರೆದದ್ದು 1892ರಲ್ಲಿ. ಹೆಂಗಸರಿಗೆ ವಕೀಲಿಯ ಬಾಗಿಲು ತೆರೆದ ಕಾಯ್ದೆ ಬಂದದ್ದು 1923ರಲ್ಲಿ. ಅಂದಿನ ವಕೀಲೆಯರನ್ನು ಎಣಿಸಲು ಕೈಬೆರಳು ಸಾಕಿತ್ತು. ಈಗ ಸಾಲದು, ಆದರೂ ಎಣಿಸುವ ಮನಸ್ಸಿಲ್ಲ. ಹೆಂಗಸರ ಮಟ್ಟಿಗೆ ಒಂದು ಅಂದಾಜಾದರೂ ಇದೆ: 17 ಲಕ್ಷ ವಕೀಲರಲ್ಲಿ ಅವರು ಶೇ. 15 ಮಾತ್ರ ಎಂದು 2021ರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಹೇಳಿದ್ದರು. ದಲಿತರು, ಆದಿವಾಸಿಗಳು, ಮುಸ್ಲಿಮರು, ಅಂಗವಿಕಲರು ಎಷ್ಟು ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ಕರಿಕೋಟು ತೊಟ್ಟ ಮೇಲೆ ಜಾತಿ ಯಾಕೆ ಕೇಳಬೇಕು ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಮರಾಠಿ ಸೀಮೆಯಲ್ಲಿ ಅಡ್ಡಹೆಸರೇ ಅರ್ಧ ಜಾತಿ ಪ್ರಮಾಣಪತ್ರ. ನಮ್ಮ ಕಡೆ "ನೀವು ಯಾರ ಪೈಕಿ?" ಎಂದು ಎರಡನೇ ಮಾತಿಗೇ ಕೇಳುತ್ತಾರೆ. ಒಬ್ಬೊಬ್ಬರ ಜಾತಿ ಕೋರ್ಟಿನ ಆವರಣಕ್ಕೆಲ್ಲ ಗೊತ್ತು, ಒಟ್ಟು ಲೆಕ್ಕ ಮಾತ್ರ ಗುಟ್ಟು.

ಮಾಹಿತಿಯೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. 1961ರ ವಕೀಲರ ಕಾಯ್ದೆಯ 24ನೇ ಕಲಮಿನ ಪ್ರಕಾರ ಸನ್ನದಿನ ಶುಲ್ಕ ಎಲ್ಲ ಸೇರಿ 750 ರೂಪಾಯಿ. ಪ್ರಮಾಣಪತ್ರ ತಂದ ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಇದಕ್ಕಿಂತ ಹೆಚ್ಚು ಕೀಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿತು. ಅಂದರೆ ರಿಯಾಯಿತಿ ಕೊಡಲು ಜಾತಿ ಕೇಳಬಹುದು, ಲೆಕ್ಕ ಒಪ್ಪಿಸಲು ಕೇಳಬಾರದು! 2018ರಿಂದ ಹೈಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ಶಿಫಾರಸಾದವರು ತಮ್ಮ ಸಾಮಾಜಿಕ ಹಿನ್ನೆಲೆ ತಿಳಿಸುತ್ತಿದ್ದಾರೆ. ಹಾಗೆ ನೇಮಕವಾದವರಲ್ಲಿ ಸುಮಾರು ಮುಕ್ಕಾಲು ಪಾಲು ಸಾಮಾನ್ಯ ವರ್ಗದವರು ಎಂಬುದು ಸಂಸತ್ತಿನಲ್ಲೇ ಬಂದ ಮಾಹಿತಿ. ಈ ನ್ಯಾಯಮೂರ್ತಿಗಳಲ್ಲಿ ಹೆಚ್ಚಿನವರು ಬರುವುದು ವಕೀಲರ ನಡುವಿನಿಂದ. ಕೊಳದಲ್ಲಿ ಯಾರಿದ್ದಾರೆಂದು ನೋಡದೆ ಬಲೆಯನ್ನು ಬೈದು ಏನು ಫಲ?

ಸನ್ನದು ಪಡೆದವರನ್ನು ಎಣಿಸಿದರಷ್ಟೇ ಸಾಲದು. ಐದು ವರ್ಷದ ನಂತರ ಉಳಿದವರೆಷ್ಟು? ನಂದುರಬಾರಿನ ಆದಿವಾಸಿ ಹುಡುಗಿಯೊಬ್ಬಳು ಔರಂಗಾಬಾದ್ ಪೀಠದಲ್ಲಿ (ಊರಿಗೀಗ ಛತ್ರಪತಿ ಸಂಭಾಜಿನಗರವೆಂದು ಹೆಸರು) ಜೂನಿಯರ್ ಆಗಬೇಕೆಂದರೆ ರೂಮಿನ ಬಾಡಿಗೆಯನ್ನು ಮನೆಯವರೇ ಕಳಿಸಬೇಕು. ಕಲಬುರಗಿಗೆ ಬೀದರಿನಿಂದ ಬಂದವಳ ಕಥೆಯೂ ಅದೇ. ಸರ್ಕಾರಿ ವಕೀಲರ ಪಟ್ಟಿಯಲ್ಲಿ, ಹಿರಿಯ ವಕೀಲರ ಪಟ್ಟಿಯಲ್ಲಿ ಇಂಥವರು ಎಷ್ಟು ಜನ ಎಂಬುದೇ ನನಗೆ ಬೇಕಾದ ಲೆಕ್ಕ.

ಅಳುಕು ನನಗೂ ಇದೆ. ತಾಲ್ಲೂಕು ಕೋರ್ಟಿನಲ್ಲಿ ಒಬ್ಬಳೇ ದಲಿತ ವಕೀಲೆ ಇದ್ದರೆ, ಹೆಸರು ತೆಗೆದ ಅಂಕಿಯೂ ಅವಳ ಹೆಸರನ್ನೇ ಹೇಳುತ್ತದೆ. ಹಾಗಾಗಿ ಜಿಲ್ಲೆಗಿಂತ ಕೆಳಗಿನ ಲೆಕ್ಕ ಪ್ರಕಟಿಸುವುದು ಬೇಡ. ಹೇಳಲು ಇಷ್ಟವಿಲ್ಲ ಎನ್ನುವವರಿಗೂ ಫಾರಂನಲ್ಲಿ ಒಂದು ಚೌಕ ಇರಲಿ. ಮುಖ್ಯವಾಗಿ, ತುಂಬಿದ ಫಾರಂಗಳು ಸ್ಥಳೀಯ ವಕೀಲರ ಸಂಘದ ಕಪಾಟು ಸೇರಬಾರದು. ಸಂಘದ ಚುನಾವಣೆಯನ್ನು ಹತ್ತಿರದಿಂದ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.