ಸಭಾಕಂಪ

ಸಭಾಕಂಪ ಎಂಬುದು ಸೊಗಸಾದ ಪದ. ಆದರೆ ಅದರಲ್ಲಿ ಒಂದು ಅನ್ಯಾಯ ಉಂಟು. ಸಭೆ ಎಂದೂ ಕಂಪಿಸುವುದಿಲ್ಲ. ಅದು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಪಕ್ಕದವರ ಮಗಳ ಮದುವೆಯ ವಿಚಾರ ಕೇಳುತ್ತ ಹಾಯಾಗಿ ಕುಳಿತಿರುತ್ತದೆ. ಕಂಪಿಸುವ ಪ್ರಾಣಿ ಒಂದೇ: ಜಮಖಾನದ ಮೇಲೆ ಮೈಕಿನ ಮುಂದೆ ಕುಳಿತದ್ದು.

ರಾಜ್ಯೋತ್ಸವದ ದಿನ ತೆರೆಯ ಮಗ್ಗುಲಲ್ಲಿ ನಿಂತು ಹಾಡುವವರ ಹೆಸರು ಕೂಗುವ ಕೆಲಸವನ್ನು ನಮ್ಮ ಸಂಘದ ಕಾರ್ಯದರ್ಶಿಗಳು ಕೆಲವು ವರ್ಷಗಳಿಂದ ನನಗೆ ವಹಿಸಿದ್ದಾರೆ. ಹಗಲು ಸರಕಾರಿ ಕಚೇರಿಯಲ್ಲಿ ಫೈಲು ಮುಂದಕ್ಕೆ ಕಳಿಸುವ ಗುಮಾಸ್ತೆ, ಸಂಜೆ ಸಂಗೀತ ಕಚೇರಿಯಲ್ಲಿ ಮನುಷ್ಯರನ್ನು ಮುಂದಕ್ಕೆ ಕಳಿಸುತ್ತೇನೆ, ಅಷ್ಟೆ. ಆ ಮಗ್ಗುಲಿನಿಂದ ಕಾಣುವುದು ಮುಂದಿನ ಸಾಲಿನವರಿಗೆ ಕಾಣದು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುವ ಗೃಹಿಣಿ, ಮೂರು ಲೋಟ ನೀರು ಕುಡಿದೂ ಬಾಯಾರಿಕೆ ಎನ್ನುವ ಹುಡುಗ, ಬೆವರಿದ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುವ ವೀಣೆಯವರು, ಇವರನ್ನು ನೋಡಿ ನೋಡಿಯೇ ಈ ಸಲದ ಅಂಕಣಕ್ಕೆ ಈ ವಿಷಯ ಆರಿಸಿದೆ.

ಮೊದಲು ದೇಹದ ಮಾತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಎರಡು ಸಣ್ಣ ಗ್ರಂಥಿಗಳಿವೆ. ಅಪಾಯ ಕಂಡಾಗ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಎದೆ ಬೇಗ ಬಡಿಯುತ್ತದೆ, ಉಸಿರು ಗಿಡ್ಡವಾಗುತ್ತದೆ, ಬಾಯಿ ಒಣಗುತ್ತದೆ. ಹೊಡೆದಾಡಲು ಅಥವಾ ಓಡಿಹೋಗಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದೆಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿಯೇ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹುಲಿ ಎದುರಾದರೆ ಇದೆಲ್ಲ ಉಪಯೋಗವೇ. ಆದರೆ ಹಾಡುವವನಿಗೆ ಉಸಿರೇ ವಾದ್ಯ. ಕೊಳಲಿನವನಿಗೆ ತುಟಿಯ ತೇವವೇ ಬಂಡವಾಳ. ಅಂಜಿಕೆ ನೇರವಾಗಿ ವಾದ್ಯಕ್ಕೇ ಕೈಹಾಕುತ್ತದೆ. ಸಂಗೀತಗಾರನ ಸಂಕಟ ಅಲ್ಲಿದೆ.

ಇದು ಕಲಿಯುವವರ ರೋಗ, ವಿದ್ವಾಂಸರಿಗಿಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ. ಚೆಲ್ಲೋ ವಾದ್ಯದ ಮಹಾಗುರು ಪಾಬ್ಲೋ ಕಸಾಲ್ಸ್ ಅವರಿಗೆ ಜೀವನದುದ್ದಕ್ಕೂ ವೇದಿಕೆಯ ಭಯವಿತ್ತು. 1901ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬೆಟ್ಟದಲ್ಲಿ ಬಂಡೆಗಲ್ಲು ಉರುಳಿ ಅವರ ಎಡಗೈ ಜಜ್ಜಿಹೋದಾಗ, ಇನ್ನು ಚೆಲ್ಲೋ ನುಡಿಸಬೇಕಾಗಿಲ್ಲವಲ್ಲ ಎಂಬ ಸಮಾಧಾನವೇ ಮೊದಲು ಮನಸ್ಸಿಗೆ ಬಂತೆಂದು ಅವರೇ ಹೇಳಿಕೊಂಡಿದ್ದಾರೆ! ಪಿಯಾನೋ ವಾದಕ ಹೊರೋವಿಟ್ಸ್ 1953ರಿಂದ 1965ರವರೆಗೆ ಹನ್ನೆರಡು ವರ್ಷ ಸಾರ್ವಜನಿಕ ಕಚೇರಿಗಳಿಂದಲೇ ದೂರವಿದ್ದರು. ಅದಕ್ಕೆ ಅಂಜಿಕೆಯೂ ಒಂದು ಕಾರಣ. ಇಬ್ಬರೂ ಮತ್ತೆ ವೇದಿಕೆಗೆ ಬಂದರೆಂಬುದನ್ನು ಮಾತ್ರ ಮರೆಯಬಾರದು.

ಎಲ್ಲರೂ ಹಾಗೆ ಮರಳುವುದಿಲ್ಲ. ನಮ್ಮ ಕಾಲೊನಿಯಲ್ಲಿ ಧಾರವಾಡದ ಕಡೆಯ ಒಬ್ಬ ತಾಯಿ ಇದ್ದಾರೆ. ನಾವೆಲ್ಲ ವೈನಿ ಎನ್ನುತ್ತೇವೆ. ಅಜ್ಜಿಯಿಂದ ಕಲಿತ ಗೌರಿಯ ಹಾಡು, ಆರತಿ ಹಾಡು, ಹಸೆಗೆ ಕರೆಯುವ ಹಾಡು ಅವರಲ್ಲಿ ರಾಶಿ ಇವೆ. ಹಿಂದೊಮ್ಮೆ ವೇದಿಕೆಯ ಮೇಲೆ ಎರಡನೆಯ ನುಡಿ ಮರೆತುಹೋಯಿತು. ಸಭೆಯಲ್ಲಿ ಯಾರೋ ನಕ್ಕರು. ಅಂದಿನಿಂದ ಹನ್ನೊಂದು ವರ್ಷ ವೈನಿ ಬಾಯಿ ತೆರೆಯಲಿಲ್ಲ. “ಬ್ಯಾಡ್ರಿ, ಆ ಮಂದಿ ಮುಂದ ಮತ್ತ ನಾ ಕೂಡಂಗಿಲ್ಲ” ಎನ್ನುವರು. ಆ ಹಾಡುಗಳನ್ನು ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಒಂದು ನಗೆಗೆ ನಾವು ತೆತ್ತ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ.

ಅವರನ್ನು ಮರಳಿ ತಂದದ್ದು ಉಪದೇಶವಲ್ಲ, ಮೆಟ್ಟಿಲು. ಒಂದು ಶ್ರಾವಣದಲ್ಲಿ ಪಕ್ಕದ ಮನೆಯ ಮಂಗಳಗೌರಿಗೆ ಐದು ಜನ ಹೆಂಗಸರ ನಡುವೆ ಕುಳಿತು ದನಿಗೂಡಿಸಿದರು. ಮುಂದಿನ ಹಬ್ಬದಲ್ಲಿ ಅವರು ಹೇಳಿಕೊಟ್ಟರು, ಉಳಿದವರು ಹಿಂದಿನಿಂದ ಹಾಡಿದರು. ಆಮೇಲೆ ಮಹಿಳಾ ಶಾಖೆಯ ಇಪ್ಪತ್ತು ಜನರೆದುರು ಒಬ್ಬರೇ ಒಂದು ಹಾಡು. ಎರಡು ವರ್ಷ ಕಳೆದ ಮೇಲೆ ರಾಜ್ಯೋತ್ಸವದ ವೇದಿಕೆ. ಅಂದು ಕೈ ನಡುಗುತ್ತಿದ್ದುದನ್ನು ನಾನು ಮಗ್ಗುಲಿನಿಂದ ಕಂಡೆ, ದನಿ ನಡುಗಲಿಲ್ಲ. ಇಳಿದು ಬಂದು, “ಅಂಜಿಕಿ ಹೋಗಿಲ್ರೀ, ಅದನ್ನೂ ಬಾಜೂಕ ಕೂಡಿಸಿಕೊಂಡು ಹಾಡಿದೆ” ಎಂದರು. ಮನೆಯವರು, ನೆರೆಯವರು, ಚಿಕ್ಕ ಸಭೆ, ದೊಡ್ಡ ಸಭೆ, ಹೀಗೆ ಹತ್ತುವುದೇ ಉತ್ತಮ ಮಾರ್ಗ. ಕೋಣೆಯ ಗೋಡೆಗೆ ಹಾಡಿದವರು ಒಮ್ಮೆಲೇ ಐನೂರು ಜನರಿಗೆ ಹಾಡಹೊರಟರೆ ಕಾಲು ಜಾರದಿರುತ್ತದೆಯೆ?

ಇನ್ನು ಸಂಗೀತದವರಿಂದಲೇ ಕೇಳಿ ತಿಳಿದ ಕೆಲವು ಮಾತುಗಳು. ಅಂಜಿದಾಗ ಲಯ ಓಡುತ್ತದೆ; ಆದ್ದರಿಂದ ಮನೆಯಲ್ಲಿ ಹಾಡುವುದಕ್ಕಿಂತ ಒಂದು ಎಳೆ ನಿಧಾನವಾಗಿಯೇ ಎತ್ತಿಕೊಳ್ಳಬೇಕು. ಗಂಟಲು ಬಿಗಿಯುವವರು ಶ್ರುತಿಯನ್ನು ಅರ್ಧ ಮನೆ ಇಳಿಸಿಕೊಂಡರೆ ತಾರಸ್ಥಾಯಿಯಲ್ಲಿ ಮಾನ ಉಳಿಯುತ್ತದೆ. ಮೊದಲಿಗೆ ಹೊಸ ಕೃತಿ ಬೇಡ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಚೇರಿ ಪದ್ಧತಿಯಲ್ಲಿ ವರ್ಣವೇ ಮೊದಲು ಬರುವುದರ ಬುದ್ಧಿವಂತಿಕೆ ನೋಡಿ: ಎಲ್ಲವೂ ಕಟ್ಟಿಟ್ಟ ಸ್ವರ, ನೂರಾರು ಸಲ ಸಾಧನೆ ಮಾಡಿದ್ದು, ಮನಸ್ಸು ತಡವರಿಸಿದರೂ ಗಂಟಲಿಗೆ ದಾರಿ ಗೊತ್ತು. ಹಿಂದೂಸ್ತಾನಿಯವರು ವಿಲಂಬಿತದಲ್ಲಿ ಷಡ್ಜಕ್ಕೆ ಅಂಟಿಕೊಂಡು ಕೂಡುವುದರಿಂದಲೂ ಇದೇ ಲಾಭ.

ಕುಳಿತೊಡನೆ ಬಾಯಿ ತೆರೆಯಬೇಡಿ. ತಂಬೂರಿ ಇರಲಿ, ಮೊಬೈಲಿನ ಶ್ರುತಿಯೇ ಇರಲಿ, ಕಿವಿಗೊಟ್ಟು ನಾಲ್ಕು ಸುತ್ತು ಕೇಳಿ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ದೀರ್ಘವಾಗಿಸಿ, ಎದೆಬಡಿತ ತಗ್ಗುತ್ತದೆ. ಸಾಹಿತ್ಯವನ್ನು ಪಲ್ಲವಿಯಿಂದ ಮಾತ್ರವಲ್ಲದೆ ಪ್ರತಿಯೊಂದು ಚರಣದಿಂದಲೂ ಆರಂಭಿಸಿ ಅಭ್ಯಾಸ ಮಾಡಿರಬೇಕು. ಮರೆತರೆ ಹತ್ತಿರದ ಮೆಟ್ಟಿಲು ಸಿಗುತ್ತದೆ. ಅದೂ ಸಿಗದಿದ್ದರೆ ಅಕಾರದಲ್ಲಿ ಸಾಗಿ ಪಲ್ಲವಿಗೆ ಬನ್ನಿ. ತಾಳ ನಿಲ್ಲದಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ತಿಳಿಯುವುದೇ ಇಲ್ಲ. ತಿಳಿದ ಹತ್ತನೆಯವರು ಸಂಗೀತ ಬಲ್ಲವರು, ಕ್ಷಮಿಸುತ್ತಾರೆ.

“ಹೆದರಬೇಡ, ಶಾಂತವಾಗಿರು” ಎಂದು ಕೊನೆಯ ಗಳಿಗೆಯಲ್ಲಿ ಹೇಳುವ ಹಿರಿಯರಿಗೂ ಒಂದು ಬಿನ್ನಹ. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಪರಿಚಿತರೆದುರು ಹಾಡುವ ಮುನ್ನ ಕೆಲವರಿಂದ “ನನಗೆ ಆತಂಕವಾಗಿದೆ” ಎಂದೂ ಕೆಲವರಿಂದ “ನನಗೆ ಉತ್ಸಾಹವಾಗಿದೆ” ಎಂದೂ ಹೇಳಿಸಿದರು. ಯಂತ್ರ ಅಳೆದ ಅಂಕಗಳಲ್ಲಿ ಉತ್ಸಾಹವೆಂದವರೇ ಮುಂದು. ಎದೆ ಬಡಿದುಕೊಳ್ಳುವುದು ಎರಡಕ್ಕೂ ಒಂದೇ; ಇಟ್ಟ ಹೆಸರು ಬೇರೆ. ಜಾತ್ರೆಗೆ ಹೊರಟ ಮಗುವಿನ ಎದೆಯೂ ಹಾಗೆಯೇ ಬಡಿಯುತ್ತದಲ್ಲವೆ?

ಗುಳಿಗೆಯ ವಿಚಾರ ಕೇಳುವವರೂ ಉಂಟು. ಎದೆಬಡಿತ ತಗ್ಗಿಸುವ ಒಂದು ಬಗೆಯ ಔಷಧ ತಂತಿವಾದ್ಯಗಾರರ ನಡುಕವನ್ನು ಕಡಿಮೆ ಮಾಡಿತೆಂದು 1977ರಲ್ಲಿಯೇ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿದೆ. ಆದರೆ ಆ ಜಾತಿಯ ಔಷಧ ಉಬ್ಬಸದವರಿಗೆ ಅಪಾಯಕಾರಿ. ವೈದ್ಯರನ್ನು ಕೇಳದೆ ಗೆಳೆಯರ ಜೇಬಿನಿಂದ ತೆಗೆದು ನುಂಗುವ ವಸ್ತು ಅದಲ್ಲ.

ಕೊನೆಯದಾಗಿ ಸಭಿಕರಾದ ನಮ್ಮ ಪಾಲು. ಮಹಾರಾಷ್ಟ್ರದ ಕನ್ನಡಿಗರ ಕಿವಿ ದುಬಾರಿಯಾದದ್ದು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವದಲ್ಲಿ ಅನೇಕರು ರಾತ್ರಿಯಿಡೀ ಕುಳಿತು ಕೇಳಿದ್ದಾರೆ. ಆದರೆ ಆ ಅಳತೆಗೋಲನ್ನು ಏಳನೆಯ ತರಗತಿಯ ಹುಡುಗಿಗೆ ಹಿಡಿಯುವುದೇ? ಇಲ್ಲಿಯೇ ಹುಟ್ಟಿ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಹಿಂದಿ ಆಡುವ ಮಗುವಿಗೆ ಸ್ವರದ ಜೊತೆಗೆ ಕನ್ನಡದ ಭಯವೂ ಇರುತ್ತದೆ. ಒತ್ತಕ್ಷರ ಜಾರಿದರೆ ಮುಂದಿನ ಸಾಲಿನ ಮಾಮ ನಗುತ್ತಾರೆ, ಮೊಬೈಲಿನಲ್ಲಿ ಹಿಡಿದದ್ದು ನಾಳೆ ಊರೆಲ್ಲ ತಿರುಗುತ್ತದೆ ಎಂದು ಅದು ಅಂಜುತ್ತದೆ. ಒಮ್ಮೆ ನಗೆಗೀಡಾದ ಮಗು ಹಾಡನ್ನಷ್ಟೇ ಬಿಡುವುದಿಲ್ಲ, ಭಾಷೆಯನ್ನೂ ಬಿಡುತ್ತದೆ.

ಆದುದರಿಂದ ಈ ನವೆಂಬರಿನಲ್ಲಿ ಮೂರು ನಿಯಮ ಪಾಲಿಸೋಣ: ಕೇಳದೆ ಚಿತ್ರ ಹಿಡಿಯುವುದು ಬೇಡ, ತಪ್ಪನ್ನು ತಿದ್ದುವುದಾದರೆ ಮಾರನೆಯ ದಿನ, ಮನೆಯಲ್ಲಿ, ಮೆಲ್ಲಗೆ, ಮರೆತು ನಿಂತವರಿಗೆ ಚಪ್ಪಾಳೆಗಿಂತ ಮೊದಲು ಒಂದು ಗಳಿಗೆಯ ಮೌನ, ನೆನಪಾಗಲೆಂದು. ಹಾಡುವವರು ಹೆಸರನ್ನು ಬೇಗ ಕಾರ್ಯದರ್ಶಿಗಳಿಗೆ ಕೊಡಿ. ಕೈ ನಡುಗಿದರೆ ನಡುಗಲಿ. ಪಟ್ಟಿಯಲ್ಲಿ ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳುವುದು ಗುಮಾಸ್ತೆಯಾದ ನನಗೆ ಅಭ್ಯಾಸವಾಗಿದೆ.