ಕ್ಯಾಮೆರಾ ಆಫ್ ಇದ್ದರೆ ಮಗು ಗೈರುಹಾಜರೇ?

ಕೋವಿಡ್ ಹೋಯಿತು, ಆನ್‌ಲೈನ್ ಕ್ಲಾಸ್ ಹೋಗಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ವ್ಯಾಪಾರಕ್ಕೆಂದು ಬಂದು ನೆಲೆಸಿದ ನಮ್ಮ ಬ್ಯಾರಿ ಮನೆಗಳಲ್ಲಿ ಟ್ಯೂಷನ್, ಖುರ್‌ಆನ್ ಪಾಠ ಈಗಲೂ ಮೊಬೈಲಿನಲ್ಲಿ ನಡೆಯುವುದುಂಟು. ಹಳೆಯ ತಕರಾರೂ ಹಾಗೇ ಇದೆ: "ಕ್ಯಾಮೆರಾ ಆನ್ ಮಾಡದಿದ್ದರೆ ಹಾಜರಿ ಇಲ್ಲ."

ಟೀಚರ್ ಮಾತಿನಲ್ಲೂ ನ್ಯಾಯ ಇದೆ. ಮುಖ ಕಾಣದೆ ಪಾಠ ಮಾಡುವುದು ಕಷ್ಟ. ಕ್ಯಾಮೆರಾ ಮುಚ್ಚಿ ಗೇಮ್ ಆಡುವ ಮಕ್ಕಳೂ ಇದ್ದಾರೆ. ಆದರೆ ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಉಮ್ಮ ಅಡುಗೆ ಮಾಡ್ತಾ ಇರ್ತಾರೆ. ಅದನ್ನು ಇಡೀ ಕ್ಲಾಸಿಗೆ ತೋರಿಸಲು ಹೆಣ್ಣುಮಗಳು ನಾಚಿದರೆ ತಪ್ಪೇನು? ವಿಡಿಯೋಗೆ ಡಾಟಾವೂ ಹೆಚ್ಚು ಬೇಕು.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ 5ನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಎಂದಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪಾಠ ಬೇಕೋ ಬೇಡವೋ ಎಂಬ ಚರ್ಚೆ ಜೋರಾಗಿ ನಡೆಯಿತು. ಮಗು ಕಲಿಯಿತೋ ಇಲ್ಲವೋ ಎಂದು ನೋಡುವುದು ಹೇಗೆ ಎಂಬ ಮಾತು ಹಿಂದೆ ಬಿತ್ತು.

ಮುಖ ಕಂಡರೆ ಕಲಿತ ಹಾಗಲ್ಲ. ಹೆಸರು ಕರೆದು ಪ್ರಶ್ನೆ ಕೇಳಲಿ, ಮಗು ಮೈಕ್‌ನಲ್ಲಿ ಉತ್ತರಿಸಲಿ, ಬರೆದ ಪುಟದ ಫೋಟೋ ಕಳಿಸಲಿ. ಅದನ್ನೇ ಹಾಜರಿ ಎಂದು ಶಿಕ್ಷಕರು, ಉಸ್ತಾದರು ಒಪ್ಪಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಕ್ಲಾಸ್ ಹೊತ್ತಿಗೆ ಫೋನ್ ಮಗುವಿಗೇ ಬಿಡಿ, ಟಿವಿ ಆರಿಸಿ. ಗೋಡೆಗೆ ಬೆನ್ನು ಮಾಡಿ ಕೂರಿಸಿದರೆ ಕ್ಯಾಮೆರಾದಲ್ಲಿ ಮನೆ ಕಾಣುವುದಿಲ್ಲ, ಮಗು ಮಾತ್ರ ಕಾಣುತ್ತದೆ. ಅಂಗಡಿ ಮುಚ್ಚಿ ಬಂದ ಉಪ್ಪ "ಇವತ್ತು ಏನು ಕಲಿತೆ ಮೋಳೆ?" ಅಂತ ಒಂದು ಮಾತು ಕೇಳಲಿ. ಹಾಗೆ ಕೇಳುವವರಿದ್ದರೆ ಕ್ಯಾಮೆರಾ ಆಫ್ ಇದ್ದರೂ ಮಗು ಕಲಿಯುತ್ತದೆ.