ಭೂಮಿಯ ವ್ಯಾಪಾರವೂ ಜನರ ವಿಶ್ವಾಸವೂ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಗ್ರಾಮಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ಸರಕಾರವು 2025ನೆಯ ಇಸವಿ ಜುಲೈ 15ರಂದು ಕೈಬಿಟ್ಟಿತು. ಅಲ್ಲಿಯ ರೈತರು 2022ರ ಏಪ್ರಿಲಿನಿಂದ ಎಡೆಬಿಡದೆ ಧರಣಿ ಕುಳಿತಿದ್ದರು. ಸ್ವಂತ ಇಚ್ಛೆಯಿಂದ ಕೊಡಲು ಮುಂದೆ ಬರುವವರ ಭೂಮಿಯನ್ನು ಮಾತ್ರ ಪಡೆಯಲಾಗುವುದೆಂದು ಮುಖ್ಯಮಂತ್ರಿಗಳು ಆ ದಿನ ಸಾರಿದರು. ಈ ನಿರ್ಣಯದ ರಾಜಕೀಯವನ್ನು ಕುರಿತು ಬೇಕಾದಷ್ಟು ಚರ್ಚೆಯಾಗಿದೆ. ಇದರಿಂದ ಪಾಠ ಕಲಿಯಬೇಕಾದ ಇನ್ನೊಂದು ವರ್ಗವಿದೆ. ಅದರತ್ತ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ದಂಡಶಕ್ತಿಯುಳ್ಳ ಸರಕಾರಕ್ಕೇ ಜನರ ಒಪ್ಪಿಗೆಯಿಲ್ಲದೆ ದಕ್ಕದ ಭೂಮಿಯು, ಮಾತೊಂದನ್ನೇ ಬಂಡವಾಳವಾಗಿ ಉಳ್ಳ ಭೂವ್ಯಾಪಾರಿಗೆ ದಕ್ಕುವುದು ಹೇಗೆ?

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ಈ ಸೀಮೆಯ ಮಣ್ಣಿನ ಬೆಲೆಯು ಬೇರೆಯೇ ಆಯಿತು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಬೇಸಾಯಗಾರರಲ್ಲದವರೂ ಹೊಲ ಕೊಳ್ಳುವುದಕ್ಕೆ ದಾರಿಯಾಯಿತು. ಚಕ್ಕೋತ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳ ಬದುವಿನಲ್ಲಿ ಈಗ ನಿವೇಶನಗಳ ಫಲಕಗಳು ನಿಂತಿವೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಸ್ಥಿತಿಯೂ ಇದೇ. ಈ ವ್ಯಾಪಾರವನ್ನೇ ನಾವು ನಿಂದಿಸುವವರಲ್ಲ. ಮನೆ ಬೇಕಾದವರಿದ್ದಾರೆ, ಮಗಳ ಮದುವೆಗೋ ಸಾಲದ ಬಾಧೆಗೋ ಮಾರಬೇಕಾದವರಿದ್ದಾರೆ. ಇವರಿಬ್ಬರನ್ನು ಸೇರಿಸುವ ಮಧ್ಯಸ್ಥನ ಕೆಲಸ ಗೌರವದ ಕೆಲಸವೇ. ಆದರೆ ವ್ಯಾಪಾರ ಬೆಳೆಯಬೇಕಾದರೆ ಜನರೊಡನೆ ಸಂಬಂಧ ಬೆಳೆಸಬೇಕೆಂದು ಈ ವೃತ್ತಿಯ ಹಿರಿಯರು ಕಿರಿಯರಿಗೆ ಉಪದೇಶಿಸುತ್ತಾರಷ್ಟೆ. ಆ ಸಂಬಂಧವೆಂದರೇನೆಂಬ ವಿಷಯದಲ್ಲಿ ಮಾತ್ರ ನಮಗೂ ಅವರಿಗೂ ಭಿನ್ನಾಭಿಪ್ರಾಯವಿದೆ. ಹೊಸ ವರ್ಷಕ್ಕೊಂದು ಕ್ಯಾಲೆಂಡರು, ದೀಪಾವಳಿಗೊಂದು ಸಿಹಿಯ ಪೊಟ್ಟಣ, ಗ್ರಾಮದೇವತೆಯ ಜಾತ್ರೆಗೆ ಚಂದಾ, ಮದುವೆಯ ಚಪ್ಪರದ ಮುಂದೆ ಶುಭ ಕೋರುವ ದೊಡ್ಡ ಬ್ಯಾನರು—ಇವನ್ನೇ ಸಂಬಂಧವೆಂದು ಅವರಲ್ಲಿ ಅನೇಕರು ನಂಬಿದ್ದಾರೆ. ಹಳ್ಳಿಯವನು ಸಿಹಿಯನ್ನು ತಿನ್ನುತ್ತಾನೆ. ಅದು ಯಾವ ಸರ್ವೆ ನಂಬರಿಗಾಗಿ ಬಂದುದೆಂಬುದನ್ನೂ ತಿಳಿದಿರುತ್ತಾನೆ.

ನಿಜವಾದ ಪರೀಕ್ಷೆಯಾಗುವುದು ಕಾಗದದ ಮುಂದೆ. ಒಂದು ಕುಟುಂಬಕ್ಕೆ ಎರಡು ಎಕರೆ ಪಿತ್ರಾರ್ಜಿತ ಭೂಮಿಯಿದೆ, ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಮಾತ್ರ ಇದೆ ಎಂದಿಟ್ಟುಕೊಳ್ಳೋಣ. ಕೊಟ್ಟ ಊರಿನಲ್ಲಿರುವ ತಂಗಿಯನ್ನು ಯಾರೂ ನೆನೆಯುವುದಿಲ್ಲ. ನೆನೆದರೂ ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಕೆಲವು ಸಾವಿರ ರೂಪಾಯಿ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುತ್ತಾರೆ. ಹೆಣ್ಣುಮಕ್ಕಳಿಗೆ ಸಮಭಾಗವುಂಟೆಂದು ಕರ್ನಾಟಕವು 1994ರಲ್ಲಿಯೇ ಕಾನೂನು ಜಾರಿಗೆ ತಂದಿತು. 2005ರಲ್ಲಿ ಕೇಂದ್ರದ ಶಾಸನವಾಯಿತು. ಆ ಹಕ್ಕು ಹುಟ್ಟಿನಿಂದಲೇ ಬರತಕ್ಕುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಇದನ್ನರಿತ ಮಧ್ಯಸ್ಥನು ಆ ತಂಗಿಯ ಮನೆಗೆ ತಾನೇ ಹೋಗಿ, ‘ತಾಯಿ, ಭೂಮಿಗೆ ಇಷ್ಟು ಬೆಲೆ ಬರುತ್ತದೆ, ಇದರಲ್ಲಿ ನಿಮಗೂ ಭಾಗವಿದೆ’ ಎಂದು ಹೇಳಬಲ್ಲನೆ? ಹೇಳಿದರೆ ಅಣ್ಣಂದಿರು ಮುನಿದಾರು, ವ್ಯವಹಾರವು ಆರು ತಿಂಗಳು ತಡವಾದೀತು, ಮುರಿದೂ ಬಿದ್ದೀತು. ಹೇಳದಿದ್ದರೆ, ಹತ್ತು ವರ್ಷಗಳಾದ ಮೇಲೆ ಮನೆ ಕಟ್ಟಿಕೊಂಡವನ ಬಾಗಿಲಿಗೆ ವಿಭಾಗದ ದಾವೆಯ ಸಮನ್ಸು ಬಂದೀತು. ಬೆಲೆಯಲ್ಲಿ ಚೌಕಾಸಿ ಮಾಡುವ ಶಕ್ತಿಯಿಲ್ಲದ ಈ ಹೆಣ್ಣುಮಗಳೊಡನೆ ಭೂವ್ಯಾಪಾರಿಯು ಹೇಗೆ ನಡೆದುಕೊಂಡನೆಂಬುದೇ ಅವನ ಸಂಬಂಧಗಳ ಸಾಚಾತನಕ್ಕೆ ನಮ್ಮ ಒರೆಗಲ್ಲು.

ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯ ವಿಷಯವೂ ಇಂಥದೇ. 1978ರ ಕಾಯಿದೆಯಂತೆ ಅದನ್ನು ಸರಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಕೂಡದು. ಮಾಡಿದರೆ ಮಾರಾಟವೇ ಅಸಿಂಧು. ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿಯು ವಿಧಿಸಿದೆ. ಆದರೂ ಇಂಥ ಭೂಮಿಯನ್ನು ಬರಿಯ ಕರಾರುಪತ್ರದ ಮೇಲೆಯೋ ಮುಖ್ತಿಯಾರ್ ಪತ್ರದ ಮೇಲೆಯೋ ಕೈಯಿಂದ ಕೈಗೆ ದಾಟಿಸಿ ತಮ್ಮ ಕಮಿಷನ್ನನ್ನು ಎಣಿಸಿಕೊಂಡು ಹೋಗುವವರಿದ್ದಾರೆ. ಮುಖ್ತಿಯಾರ್ ಪತ್ರದಿಂದ ಒಡೆತನವು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ತೀರ್ಪಿತ್ತಿರುವಾಗ, ತಿಳಿಯದೆ ಮಾಡಿದೆವೆಂಬ ನೆಪಕ್ಕೆ ಎಡೆಯೆಲ್ಲಿ?

ಬೆಲೆಯನ್ನು ಬಚ್ಚಿಡುವ ಪದ್ಧತಿಯು ಇನ್ನೊಂದು ರೋಗ. ಮಾರುವವನೂ ಕೊಳ್ಳುವವನೂ ನೋಂದಣಿಯ ದಿನದವರೆಗೆ ಮುಖಾಮುಖಿಯಾಗದಂತೆ ಕಾಯ್ದುಕೊಂಡು, ಅವನಿಗೊಂದು ದರ, ಇವನಿಗೊಂದು ದರ ಹೇಳಿ, ನಡುವಿನ ಹಣವನ್ನು ಕಮಿಷನ್ನಿನ ಮೇಲೆ ಪಡೆಯುವುದು ಚಾತುರ್ಯವೆನಿಸಿಕೊಂಡಿದೆ. ವ್ಯಾಪಾರವೆಂದ ಮೇಲೆ ಲಾಭ ಬೇಡವೆ ಎಂದು ಕೇಳುವವರುಂಟು. ಸ್ವಂತ ಹಣ ಹಾಕಿ ಕೊಂಡು, ನಷ್ಟದ ಭಯವನ್ನೂ ಹೊತ್ತು ಮಾರುವವನ ಲಾಭಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಇಬ್ಬರ ನಂಬುಗೆಯಲ್ಲಿ ನಿಂತು ಇಬ್ಬರಿಂದಲೂ ಕೂಲಿ ಪಡೆದವನು ಮೂರನೆಯದನ್ನು ಮರೆಯಲ್ಲಿ ತೆಗೆಯುವುದು ಲಾಭವಲ್ಲ. ಈ ಗುಟ್ಟು ಉಳಿಯುವುದೂ ಇಲ್ಲ. ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರೊಳಗೆ ಯಾರ ಗುಂಟೆ ಎಷ್ಟಕ್ಕೆ ಹೋಯಿತೆಂಬ ಲೆಕ್ಕ ಒಂದು ವಾರದಲ್ಲಿ ಪಕ್ಕಾ ಆಗುತ್ತದೆ. ಆ ಊರಿನ ಎರಡನೆಯ ಹೊಲವು ಅಂಥವನಿಗೆ ದೊರೆಯುವುದಿಲ್ಲ; ಅವನು ಇನ್ನೊಂದು ಹೋಬಳಿಗೆ ಗುಡಾರ ಕೀಳಬೇಕಾಗುತ್ತದೆ. ನಾಲ್ಕೇ ತಾಲ್ಲೂಕುಗಳಲ್ಲಿ ಹೀಗೆ ಎಷ್ಟು ಸಲ ಗುಡಾರ ಕೀಳಬಹುದು?

ಮಧ್ಯಸ್ಥನ ಗುಪ್ತ ಸಂಪಾದನೆಯು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಬೆಂಗಳೂರಿನ ಗೃಹನಿರ್ಮಾಣ ಸಹಕಾರ ಸಂಘಗಳ ಚರಿತ್ರೆಯೇ ಸಾಕ್ಷಿ. ಎಚ್.ಎಂ.ಟಿ. ನೌಕರರ ಸಂಘದ ಮೊಕದ್ದಮೆಯಲ್ಲಿ, ಮಧ್ಯವರ್ತಿಯ ಮೂಲಕ ಹಣ ತೆತ್ತು ಭೂಸ್ವಾಧೀನದ ಪ್ರಕಟಣೆಗಳನ್ನು ಹೊರಡಿಸಿಕೊಂಡ ಬಗೆಯನ್ನು ಕಂಡ ನ್ಯಾಯಾಲಯಗಳು ಸ್ವಾಧೀನವನ್ನೇ ರದ್ದುಪಡಿಸಿದವು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಉಳಿತಾಯದ ಹಣ ಕಟ್ಟಿದ್ದ ಸದಸ್ಯರ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕೊಳ್ಳುವವರೆಂದರೆ ಎಲ್ಲರೂ ಧನಿಕರಲ್ಲ. ದೊಡ್ಡಬಳ್ಳಾಪುರದ ನೇಕಾರನಿರಬಹುದು, ನಿವೃತ್ತಿಯ ಹಣ ಕೈಗೆ ಬಂದ ಉಪಾಧ್ಯಾಯನಿರಬಹುದು. ಭೂಪರಿವರ್ತನೆಯಾಗದ, ವಿನ್ಯಾಸಕ್ಕೆ ಮಂಜೂರಾತಿಯಿಲ್ಲದ ರೆವಿನ್ಯೂ ಸೈಟನ್ನು ಇಂಥವರಿಗೆ ತೋರಿಸಿ, ‘ಮುಂದೆ ಸಕ್ರಮವಾಗುತ್ತದೆ ಸ್ವಾಮಿ’ ಎಂದು ಹೇಳುವ ನಾಲಿಗೆಯನ್ನು ನಾವು ಕ್ಷಮಿಸಲಾರೆವು. ‘ಈ ಸೈಟು ಬೇಡಿ, ಇದರ ಕಾಗದ ಸರಿಯಿಲ್ಲ’ ಎಂದು ಹೇಳಿ ಒಂದು ಕಮಿಷನ್ನನ್ನು ಕಳೆದುಕೊಂಡವನ ಬಳಿಗೆ ಅದೇ ಉಪಾಧ್ಯಾಯನು ತನ್ನ ಷಡ್ಡಕನನ್ನೂ ಸಹೋದ್ಯೋಗಿಯನ್ನೂ ಕರೆತರುತ್ತಾನೆ. ಕ್ರಯಪತ್ರವಾದ ಮೇಲೆ ಖಾತೆ ಬದಲಾವಣೆಗೂ ಪೋಡಿಗೂ ಜೊತೆಯಲ್ಲಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವವನನ್ನು ಜನ ಮರೆಯುವುದಿಲ್ಲ. ಹಣ ಸಂದಾಯವಾದ ಮರುದಿನದಿಂದ ದೂರವಾಣಿಗೆ ಸಿಕ್ಕದವನನ್ನೂ ಮರೆಯುವುದಿಲ್ಲ, ಬೇರೆ ರೀತಿಯಲ್ಲಿ.

ಕಾನೂನು ಇಲ್ಲದಿಲ್ಲ. 2016ರ ಸ್ಥಿರಾಸ್ತಿ ಕಾಯಿದೆಯಂತೆ, ನೋಂದಾಯಿಸಬೇಕಾದ ಬಡಾವಣೆಗಳಲ್ಲಿ ವ್ಯವಹರಿಸುವ ಮಧ್ಯಸ್ಥನು ತಾನೂ ನೋಂದಾಯಿಸಿಕೊಂಡಿರಬೇಕು. ನೋಂದಣಿಯಾಗದ ಬಡಾವಣೆಯನ್ನು ಮಾರಿಸಕೂಡದು. ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿನ ಮುಂಗಡವನ್ನು ಕರಾರುಪತ್ರ ನೋಂದಾಯಿಸುವ ಮುನ್ನ ಬಡಾವಣೆಯ ಒಡೆಯನು ಪಡೆಯಕೂಡದು. ಆದರೆ ಹೊಲದ ಬಿಡಿ ಮಾರಾಟದಲ್ಲಿ, ಅಂದರೆ ರೈತನು ಮೊದಲ ಸಲ ಸಹಿ ಹಾಕುವ ಸ್ಥಳದಲ್ಲಿ, ಈ ಕಾಯಿದೆಯ ನೆರಳು ಬೀಳುವುದಿಲ್ಲ. ಅಲ್ಲಿ ರಕ್ಷಣೆಯೆಂದರೆ ಮಧ್ಯಸ್ಥನ ನಡತೆಯೊಂದೇ.

ಆದುದರಿಂದ ನಾಲ್ಕು ತಾಲ್ಲೂಕುಗಳ ಅಧಿಕಾರಿವರ್ಗದವರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ನೋಂದಾಯಿತ ಮಧ್ಯಸ್ಥರ ಹೆಸರುಗಳನ್ನೂ ಮಂಜೂರಾದ ಬಡಾವಣೆಗಳ ಸರ್ವೆ ನಂಬರುಗಳನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ, ತಾಲ್ಲೂಕು ಕಚೇರಿಯ ಮುಂದೆಯೂ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆಯೂ ತೂಗುಹಾಕಲಿ. ಭೂವ್ಯಾಪಾರಿಗಳೂ ಒಂದು ಕೆಲಸವನ್ನು ನಾಳೆಯಿಂದಲೇ ಮಾಡಬಹುದು: ಮುಂಗಡದ ದಿನ ಮಾರುವವನನ್ನೂ ಕೊಳ್ಳುವವನನ್ನೂ ಒಂದೇ ಜಗಲಿಯ ಮೇಲೆ ಕುಳ್ಳಿರಿಸಿ, ಮನೆಯ ಹೆಣ್ಣುಮಕ್ಕಳ ಎದುರಿನಲ್ಲಿ, ಬೆಲೆಯನ್ನೂ ತಮ್ಮ ಕಮಿಷನ್ನನ್ನೂ ಬಾಯಿಬಿಟ್ಟು ಹೇಳಲಿ.